ಸಂತಪುರದ ಅಂಗಳದಲ್ಲಿ ಸೂರ್ಯ ಜಾರಿದ್ದು

ಬೀದರದ ಹಳೆಯ ಊರಿನಲ್ಲಿ ನಮ್ಮ ವಿಜ್ಞಾನ ವ್ಯಾನಿನ ಸಾಮಾನು ಇಡುವ ಕಟ್ಟಡವಿದೆ. ಅದರ ಮಾಳಿಗೆಯ ಮೇಲೆ ಆ ಮುಂಜಾನೆ ಮೂವರಿದ್ದೆವು. ನಾನು, ವ್ಯಾನ್ ನಡೆಸುವ ಚಾಚಾ, ಮತ್ತೆ ಸಂತಪುರದ ಕಡೆಯ ಒಂದು ಸಣ್ಣ ಶಾಲೆಯಿಂದ ಬಸ್ಸಿನಲ್ಲಿ ಬಂದಿದ್ದ ಹೆಡ್ ಮೇಡಂ. ನಮ್ಮ ನಡುವೆ ರಟ್ಟಿನ ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದ ಕಂಪ್ಯೂಟರ್ ಮೌಂಟು ಕೂತಿತ್ತು. ಟೆಲಿಸ್ಕೋಪಿನ ನಳಿಗೆ ನಮ್ಮಲ್ಲಿ ಮೊದಲೇ ಇತ್ತು. ಇದು ಅದನ್ನು ಹೊರುವ ಹೆಗಲು. ಆಕಾಶದಲ್ಲಿ ಯಾರನ್ನು ನೋಡಬೇಕು ಎಂದು ಗುಂಡಿ ಒತ್ತಿ ಹೇಳಿದರೆ ತಾನೇ ಮೋಟಾರು ತಿರುಗಿಸಿ ಅತ್ತ ಮುಖ ಮಾಡಬೇಕು, ಆಮೇಲೆ ಅದು ಸರಿದಂತೆ ತಾನೂ ಸರಿಯಬೇಕು.

ಹೆಡ್ ಮೇಡಂ ಚಹಾದ ಲೋಟ ಕೆಳಗಿಟ್ಟು ಕೇಳಿದರು. "ಇದರಾಗ ಸೂರ್ಯನ್ನ ನೋಡಿದ್ರ ಕಣ್ಣಿಗಿ ಏನೂ ಆಗಂಗಿಲ್ಲಲ್ರಿ?"

"ಮುಂದಿನ ಬಾಯಿಗಿ ಸೋಲಾರ್ ಫಿಲ್ಟರ್ ಇದ್ರ ಏನೂ ಆಗಂಗಿಲ್ರಿ."

"ಇಲ್ಲಂದ್ರ?"

"ಇಲ್ಲಂದ್ರ ರೆಪ್ಪಿ ಬಡಿಯೋದ್ರಾಗ ಕಣ್ಣು ಹೋಗ್ತದ್ರಿ."

"ಹೋಗ್ತದ. ನನಗ ಗೊತ್ತದ," ಎಂದರು. ಬೇರೆಯವರ ಮನೆಯ ಸುದ್ದಿ ಹೇಳುವವರ ಹಾಗೆ ಆರಾಮಾಗಿ ತಮ್ಮ ಸುದ್ದಿ ಹೇಳಿದರು. ಅವರ ತವರು ಭಾಲ್ಕಿ ತಾಲ್ಲೂಕಿನ ಹಲಬರ್ಗಾ. ಚಿಕ್ಕವರಿದ್ದಾಗ ಒಂದು ಗ್ರಹಣದ ದಿನ ಮುತ್ಯಾನ ಎದೆಯ ಎಕ್ಸ್‌ರೇ ಹಾಳೆ ಹಿಡಿದು ಹಿತ್ತಲಲ್ಲಿ ನಿಂತು ಬಲಗಣ್ಣಿನಿಂದ ಸೂರ್ಯನನ್ನು ನೋಡಿದ್ದರು. "ನೋವಾಗಲಿಲ್ಲ ನೋಡ್ರಿ, ಅದೇ ಮೋಸ. ನೋವಾಗಿದ್ರ ಬಿಡ್ತಿದ್ದೆ. ಸಂಜೀಗಿ ಅವ್ವನ ಮುಖ ನೋಡ್ತೇನಿ, ಮೂಗು ಇರೋ ಜಾಗದಾಗ ಬೂದಿ ಬಣ್ಣದ ಚುಕ್ಕಿ. ಇವತ್ತಿಗೂ ಆ ಚುಕ್ಕಿ ಅಲ್ಲೇ ಅದ."

ಎಡಗಣ್ಣು ಚೆನ್ನಾಗಿದೆ. ಓದುವುದು, ಬರೆಯುವುದು, ಮಕ್ಕಳ ಕಾಪಿ ಹಿಡಿಯುವುದು ಎಲ್ಲ ಆ ಒಂದರಲ್ಲೇ. ಆದರೆ ಅವರ ಶಾಲೆಯ ಊರಿನಲ್ಲಿ ಈ ಸುದ್ದಿ ಹಬ್ಬಿ, ಸೂರ್ಯ ಎಂಬ ಪದ ಎತ್ತಿದರೆ ಸಾಕು, ತಂದೆತಾಯಿಗಳು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಗ್ರಹಣವಿರಲಿ, ಬಿಸಿಲಿನ ಪ್ರಯೋಗಕ್ಕೂ ಅಂಗಳಕ್ಕೆ ಬಿಡುತ್ತಿರಲಿಲ್ಲ.

"ಹೆದರಿಕಿ ಚೊಲೋ ಅದ ಖರೆ, ಆದ್ರ ಬರೇ ಹೆದರಿಕಿ ಕಲಿಸಿದ್ರ ಸಾಲಿ ಯಾಕ ಬೇಕ್ರಿ? ಅದಕ್ಕ ನಾ ಅವ್ರಿಗಿ ಮಾತು ಕೊಟ್ಟು ಬಂದೀನಿ. ಎಲ್ಲರ ಮುಂದ ಮೊದಲು ನಾ ನೋಡ್ತೇನಿ. ಚೊಲೋ ಇದ್ದ ಕಣ್ಣೀಲೇ."

ಚಾಚಾ ಮೌಂಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮೇಡಂ ಬಸ್ಸಿಗೆ ಹೋದ ಮೇಲೆ ಒಂದೇ ಮಾತು ಹೇಳಿದರು: "ಬೇಟಿ, ಅವ್ರ ಹಂತೇಲಿ ಮೂರನೇ ಕಣ್ಣು ಇಲ್ಲ."

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು.

ಯಂತ್ರ ಜೋಡಿಸುವಾಗ ತಿಳಿದದ್ದು, ಇದನ್ನು ಮಾಡಿದವರು ಬಡಗಣ ಚಳಿ ದೇಶದವರು. ಈ ಬಗೆಯ ಮೌಂಟಿಗೆ ಒಂದು ಮುಖ್ಯ ಅಕ್ಷವಿರುತ್ತದೆ. ಅದು ಸರಿಯಾಗಿ ಉತ್ತರಕ್ಕೆ ಮುಖ ಮಾಡಿ, ನಮ್ಮ ಊರಿನ ಅಕ್ಷಾಂಶ ಎಷ್ಟೋ ಅಷ್ಟು ಮೇಲೆದ್ದು ನಿಲ್ಲಬೇಕು. ಆಗ ಭೂಮಿ ತಿರುಗುವ ಅಕ್ಷಕ್ಕೆ ಅದು ಜೊತೆಗಾರನಾಗುತ್ತದೆ, ಒಂದೇ ಮೋಟಾರು ಸೂರ್ಯನ ಬೆನ್ನು ಹತ್ತಿ ಹೋಗಬಲ್ಲದು. ಚಳಿ ದೇಶದಲ್ಲಿ ಅಕ್ಷ ಎತ್ತರಕ್ಕೆ ಏಳುತ್ತದೆ. ನಮ್ಮ ಬೀದರದಲ್ಲಿ ಹದಿನೆಂಟು ಡಿಗ್ರಿ, ಅಂದರೆ ನೆಲ ಹಿಡಿದು ಮಲಗಿದ ಹಾಗೆ. ಅಷ್ಟು ತಗ್ಗಿಸಿದರೆ ನಳಿಗೆಯ ಭಾರ ಸರಿದೂಗಿಸುವ ಎದುರು ತೂಕದ ಗುಂಡು ಮುಕ್ಕಾಲಿಯ ಕಾಲಿಗೆ ಬಡಿಯುತ್ತಿತ್ತು. ತಲೆಯನ್ನು ಬಿಚ್ಚಿ ತಿರುಗಿಸಿ ಕೂಡಿಸಿ, ಗುಂಡು ಎರಡು ಕಾಲಿನ ನಡುವೆ ಹಾಯುವಂತೆ ಮಾಡಲು ಒಂದು ಇಡೀ ದಿನ ಹೋಯಿತು.

ಗುರಿ ಹಿಡಿಯಲು ನಳಿಗೆಯ ಬೆನ್ನ ಮೇಲಿರುವ ಸಣ್ಣ ಫೈಂಡರ್ ದುರ್ಬೀನನ್ನು ಮೊದಲೇ ಕಳಚಿ ಬೀರುವಿನಲ್ಲಿಟ್ಟೆ. ದೊಡ್ಡ ನಳಿಗೆಗೆ ಫಿಲ್ಟರ್ ಹಾಕಿ ಫೈಂಡರನ್ನು ಮರೆತವರ ಕಥೆ ನಮ್ಮ ಕಸುಬಿನಲ್ಲಿ ಎಲ್ಲರೂ ಕೇಳಿರುತ್ತಾರೆ. ಕಣ್ಣಿಡುವ ತುದಿಗೆ ತಿರುಗಿಸಿ ಕೂಡಿಸುವ ಹಳೆಯ ಕಪ್ಪು ಗಾಜೂ ಒಂದಿತ್ತು. ನಳಿಗೆಯೊಳಗೆ ಕೂಡಿದ ಬಿಸಿಲೆಲ್ಲ ಅದರ ಮೇಲೆಯೇ ಬಂದು ಬೀಳುವುದರಿಂದ ಯಾವಾಗ ಸೀಳುತ್ತದೋ ಹೇಳಲಾಗದು. ಅದನ್ನು ಸುತ್ತಿಗೆಯಿಂದ ಒಡೆದು ಹಾಕಿದೆ. ಇದ್ದರೆ ಯಾರಾದರೂ ಹಚ್ಚುತ್ತಾರೆ. ಬಿಸಿಲನ್ನು ಒಳಗೆ ಬರುವ ಮುಂಚೆಯೇ ತಡೆಯುವ ಮುಂಬಾಯಿಯ ಫಿಲ್ಟರ್ ಮಾತ್ರ ಉಳಿಯಿತು.

ಇನ್ನು ಕೈಯಲ್ಲಿ ಹಿಡಿದು ಯಂತ್ರ ನಡೆಸುವ ಗುಂಡಿಗಳ ಪೆಟ್ಟಿಗೆ. ಅದರ ಪಟ್ಟಿಯಲ್ಲಿ ಚಂದ್ರ, ಮಂಗಳ, ಗುರು, ಶನಿ ಎಲ್ಲರೂ ಇದ್ದರು, ಸೂರ್ಯ ಇಲ್ಲ.

"ಕಾರ್ಖಾನ್ಯಾವ್ರು ಮರತಾರ," ಎಂದರು ಚಾಚಾ. "ಇಷ್ಟು ದೊಡ್ಡ ಮನಷ್ಯಾನ್ನೇ ದಾವತ್‌ಗಿ ಕರೀಲಿಲ್ಲ ನೋಡು."

ಮರೆತಿರಲಿಲ್ಲ, ಬೇಕೆಂದೇ ಬಚ್ಚಿಟ್ಟಿದ್ದರು. ಒಳಗಿನ ಒಂದು ಮೂಲೆಗೆ ಹೋಗಿ, ಎಚ್ಚರಿಕೆಯ ಮಾತನ್ನು ಓದಿ ಹೂಂ ಎಂದರಷ್ಟೇ ಸೂರ್ಯನ ಹೆಸರು ಪಟ್ಟಿಗೆ ಬರುತ್ತದೆ. ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಅದಾದ ಮೇಲೆ ಊರು, ಸಮಯ, ತಾರೀಖು ಕೊಡಬೇಕು. ತಾರೀಖನ್ನು ನಾನು ನಮ್ಮ ರೂಢಿಯಂತೆ ದಿನ ಮೊದಲು ಕೊಟ್ಟೆ. ಯಂತ್ರಕ್ಕೆ ತಿಂಗಳು ಮೊದಲು ಬೇಕಿತ್ತು. ಬೇರೆ ಯಾವುದೋ ತಿಂಗಳಿನ ಸೂರ್ಯನನ್ನು ಹುಡುಕಿಕೊಂಡು ನಳಿಗೆ ಪಕ್ಕದ ಮನೆಯ ನೀರಿನ ಟಾಕಿಯ ಕಡೆ ಹೋಗಿ ನಿಂತಿತು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಣ್ಣುಮಗಳು ಸೆರಗು ಸರಿ ಮಾಡಿಕೊಂಡು ಚಾಚಾನನ್ನು ದುರುಗುಟ್ಟಿ ನೋಡಿದಳು. "ನಾ ಅಲ್ಲಮ್ಮ, ಮಷಿನು!" ಎಂದು ಚಾಚಾ ಎರಡೂ ಕೈ ಮೇಲೆತ್ತಿದರು.

ತಾರೀಖು ಸರಿ ಮಾಡಿದೆ. ಉತ್ತರ ದಿಕ್ಕನ್ನು ಸಂಜೆ ಧ್ರುವ ನಕ್ಷತ್ರ ನೋಡಿ ಹೊಂದಿಸಿ, ಮುಕ್ಕಾಲಿಯ ಕಾಲುಗಳಿದ್ದ ಕಡೆ ಸುಣ್ಣದ ಗುರುತು ಹಾಕಿದೆ. ಮರುದಿನ ಬಿಸಿಲಿನಲ್ಲಿ ಗುಂಡಿ ಒತ್ತಿದರೆ ನಳಿಗೆ ಗುರ್ ಎನ್ನುತ್ತ ತಿರುಗಿ ನೆಟ್ಟಗೆ ಸೂರ್ಯನ ಮೇಲೆ ನಿಂತಿತು. ನಾವು ಊಟ ಮಾಡಿ ಬಂದರೂ ಅಲ್ಲೇ ಇತ್ತು, ಹಳದಿ ಬಿಲ್ಲೆ ನಟ್ಟನಡುವೆ. ಚಾಚಾ ಮೌಂಟಿನ ಬೆನ್ನು ತಟ್ಟಿದರು.

ಹೊರಗೆ ಒಂದು ಪರೀಕ್ಷೆ ಆಗಲಿ ಎಂದು ಭಾಲ್ಕಿಗೆ ನಮ್ಮ ಅಕ್ಕನ ಮನೆಗೆ ಹೋದೆವು. ಹಿತ್ತಲಲ್ಲಿ ಅಕ್ಕ ಸಂಡಿಗೆ ಒಣಹಾಕಿದ್ದಳು. "ನಿನ್ನ ಸೂರ್ಯನ ಸಲುವಾಗಿ ನನ್ನ ಸಂಡಿಗಿಗಿ ನೆಳ್ಳ ಮಾಡಬ್ಯಾಡ ನೋಡವಾ," ಎಂದು ಒಂದು ಮೂಲೆ ಬಿಟ್ಟುಕೊಟ್ಟಳು. ಮೌಂಟಿನ ವಿದ್ಯೆ ಆಮೇಲೆ, ಮೊದಲು ಗಾಳಿಯಲ್ಲಿ ನಳಿಗೆ ಅಲುಗುತ್ತದೋ ಇಲ್ಲವೋ ನೋಡೋಣ ಎಂದು ಕೈಯಿಂದಲೇ ಸೂರ್ಯನತ್ತ ತಿರುಗಿಸಿದೆ. ಇದಕ್ಕೆ ಮೇಲೆ ನೋಡಬೇಕಿಲ್ಲ, ನೆಲ ನೋಡಿದರೆ ಸಾಕು. ನಳಿಗೆಯ ನೆರಳು ಉದ್ದವಿದ್ದರೆ ಸೂರ್ಯ ಇನ್ನೂ ಬದಿಗಿದ್ದಾನೆ; ನೆರಳು ಕುಗ್ಗಿ ಕುಗ್ಗಿ ದುಂಡಗಾದರೆ ಎದುರಿಗೇ ಇದ್ದಾನೆ. ಸುತ್ತಲ ಬೆಳಕು ಕಣ್ಣಿಗೆ ಹೊಡೆಯದಿರಲಿ ಎಂದು ಕಣ್ಣಿಡುವ ತುದಿಯ ಮೇಲೆ ಒಂದು ಕರಿ ಬಟ್ಟೆ ಇಳಿಬಿಟ್ಟಿದ್ದೆವು.

ಅಕ್ಕ ಚಹಾ ತಂದಳು, ನಾವು ಆ ಕಡೆ ತಿರುಗಿದೆವು. ಗಾಳಿ ಒಮ್ಮೆ ಬೀಸಿ ಹೋಯಿತು. ಅಕ್ಕನೇ ಮೊದಲು ಮೂಗು ಅರಳಿಸಿದ್ದು. "ಏನೋ ಸುಡ್ಲತದ ಅಲ್ಲ?"

ಕರಿ ಬಟ್ಟೆಯಿಂದ ಹೊಗೆ ಏಳುತ್ತಿತ್ತು. ಫಿಲ್ಟರಿನ ಮುಚ್ಚಳ ನಳಿಗೆಯ ಬಾಯಿಯಿಂದ ಕಳಚಿ ಸಂಡಿಗೆಯ ನಡುವೆ ಬಿದ್ದಿತ್ತು. ಒಳಗಿನ ಮೆತ್ತೆ ಸವೆದು ಸಡಿಲಾಗಿದ್ದು ಬೀದರದ ಮಾಳಿಗೆಯಲ್ಲಿ, ಗೋಡೆಯ ಮರೆಯಲ್ಲಿ, ತಿಳಿದಿರಲಿಲ್ಲ. ಚಾಚಾ ಹಾರಿ ಹೋಗಿ ನಳಿಗೆಯನ್ನು ಬೇರೆ ಕಡೆ ತಳ್ಳಿ ಬಟ್ಟೆ ಕಿತ್ತು ತುಳಿದರು. ಬಟ್ಟೆಯಲ್ಲಿ ಬಟಾಣಿ ಕಾಳಿನಷ್ಟು ತೂತು. ಚಾಚಾ ಅದರೊಳಗಿಂದ ಕಿರುಬೆರಳಿನ ತುದಿ ತೂರಿಸಿ ನನಗೆ ತೋರಿಸಿದರು. ಅಕ್ಕ ಮುಚ್ಚಳ ಎತ್ತಿಕೊಟ್ಟು, "ಇದರಾಗ ಯಾರಿಗಿ ಕಣ್ಣು ಹಚ್ಚಲಾಕ ಕರಕೊಂಡು ಹೊಂಟೀಯವಾ?" ಎಂದು ಕೇಳಿದಳು.

ಬೀದರಕ್ಕೆ ಬಂದು ಹೊಸ ಮೆತ್ತೆ ಅಂಟಿಸಿದೆ. ಮುಚ್ಚಳಕ್ಕೆ ಮೂರು ಕಡೆ ಪಟ್ಟಿ ಹೊಲಿಸಿ ನಳಿಗೆಗೆ ಬಿಗಿದೆ, ಪಟ್ಟಿಯ ಮೇಲೆ ಟೇಪು ಸುತ್ತಿದೆ. ಫಿಲ್ಟರಿನ ಗಾಜನ್ನು ಬಲ್ಬಿನ ಎದುರು ಹಿಡಿದು ಸೂಜಿಮೊನೆಯಷ್ಟು ತೂತಾದರೂ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಆಮೇಲೆ ಹೆಡ್ ಮೇಡಂಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ಬರಬೇಡಿ ಎನ್ನುತ್ತಾರೆ ಎಂದುಕೊಂಡಿದ್ದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀವು ಹೇಳದೇ ಇದ್ದಿದ್ರ ಬ್ಯಾಡ ಅಂತಿದ್ದೆ. ಬರ್ರಿ," ಎಂದರು.

ನಾನೂ ಚಾಚಾನೂ ಒಂದು ಕಟ್ಟುಪಾಡು ಮಾಡಿಕೊಂಡೆವು. ಮೊದಲು ಕಾಗದ: ಕಣ್ಣಿಡುವ ತುದಿಯ ಹಿಂದೆ ಬಿಳಿ ಕಾಗದ ಹಿಡಿದು ಬೆಳಕು ಸುಡುತ್ತದೋ ನೋಡುವುದು. ಕಾಗದದ ನಂತರ ನಾನು. ನನ್ನ ನಂತರವೇ ಬೇರೆಯವರು. ಬೇರೆಯವರ ಕಣ್ಣು ತುದಿಯಲ್ಲಿರುವಷ್ಟು ಹೊತ್ತು ನನ್ನ ಕೈ ಮುಂಬಾಯಿಯ ಮುಚ್ಚಳದ ಮೇಲೇ ಇರಬೇಕು. ಮೌಂಟಿನ ಬೆಲೆ ನನಗೆ ತಿಳಿದದ್ದು ಇಲ್ಲಿ. ಮೊದಲು ಬರೀ ಅನುಕೂಲ ಎಂದುಕೊಂಡಿದ್ದೆ. ಸೂರ್ಯನ ಹಿಂದೆ ಯಂತ್ರ ತಾನೇ ಹೋದರೆ ಮಾತ್ರ ನನ್ನ ಕೈ ಖಾಲಿ ಇರುತ್ತದೆ, ಖಾಲಿ ಇದ್ದರೆ ಮಾತ್ರ ಮುಚ್ಚಳ ಕಾಯಬಲ್ಲದು.

ನಾವು ಹೋದ ದಿನ ಬಿಸಿಲು ತೊಳೆದಿಟ್ಟಂತಿತ್ತು. ಹೊಲದ ತುಂಬ ಕಡಲೆ. ಶಾಲೆಯ ಅಂಗಳದಲ್ಲಿ ಮಕ್ಕಳು ಒಂದು ಕಡೆ, ತಂದೆತಾಯಿಗಳು ಇನ್ನೊಂದು ಕಡೆ, ಜಾತ್ರೆಗೂ ಅಲ್ಲ ಪಂಚಾಯ್ತಿಗೂ ಅಲ್ಲ ಎಂಬಂತೆ ನಿಂತಿದ್ದರು. ಮುಂದೆ ಕುರ್ಚಿ ಎಳೆದು ಕೂತಿದ್ದವರು ಊರಿನ ಕಿರಾಣಿ ಅಂಗಡಿಯವರು. ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ನಮಸ್ಕಾರ ಮಾಡಿದೆ.

"ನಮಸ್ಕಾರ್ರಿ. ನಮ್ಮ ಮೇಡಮ್ಮೋರು ಒಂದು ಕಣ್ಣು ಸೂರ್ಯಪ್ಪಗ ಕೊಟ್ಟು ಕೂತಾರ. ಇನ್ನೊಂದು ನೀವು ವಸೂಲಿ ಮಾಡಲಾಕ ಬಂದೀರೇನು?" ಎಂದರು. ಹಿಂದಿನವರು ನಕ್ಕರು. ಹೆಡ್ ಮೇಡಂ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಅಂಗಡಿಯವರ ಮಗಳ ಜಡೆಯ ರಿಬ್ಬನ್ ಸರಿಮಾಡುತ್ತ ನಿಂತಿದ್ದರು.

ಮುಕ್ಕಾಲಿ ನಿಲ್ಲಿಸಿ, ನೀರ್ಗುಳ್ಳೆ ನೋಡಿ ಸಮತಟ್ಟು ಮಾಡಿದೆ. ಇನ್ನು ಉತ್ತರ. ಹಗಲಿನಲ್ಲಿ ಧ್ರುವ ನಕ್ಷತ್ರ ಎಲ್ಲಿ ಸಿಗಬೇಕು? ದಿಕ್ಸೂಚಿ ತೆಗೆದೆ. ಕಬ್ಬಿಣದ ಗೇಟಿನ ಹತ್ತಿರ ಒಂದು ಉತ್ತರ ತೋರಿಸಿತು, ತಗಡಿನ ಶೆಡ್ಡಿನ ಹತ್ತಿರ ಇನ್ನೊಂದು, ಮೌಂಟಿನ ಗುಂಡಿನ ಪಕ್ಕದಲ್ಲಿ ಮೂರನೆಯದು. ದೂರದ ಹೊಲಕ್ಕೆ ಹೋಗಿ ನೋಡಬೇಕಿತ್ತು. ಮಂದಿ ಕಾಯುತ್ತಿದ್ದರು, ಹೋಗಲಿಲ್ಲ. "ಚಾಚಾ, ಇಲ್ಲಿ ಪಶ್ಚಿಮ ಬರಾಬರ್ ಯಾವ ಕಡಿ?" ಎಂದು ಕೇಳಿದೆ. ಒಂದು ದಿಕ್ಕು ಸಿಕ್ಕರೆ ಮೂಲೆಮಟ್ಟ ಹಿಡಿದು ಉತ್ತರ ತೆಗೆಯಬಹುದಲ್ಲ.

ಚಾಚಾ ಕಾಂಪೌಂಡಿನಾಚೆ ಕೈ ಮಾಡಿದರು. ಅಲ್ಲೊಂದು ಹೊಸ ಮಸೀದಿ, ಸುಣ್ಣ ಬಳಿದ ಗೋಡೆ. "ಅದರ ಬಾಜೂಕಿನ ಗೋಡಿ ನೋಡು. ಸರ್ವೇದಾವ್ರನ್ನ ಕರಸಿ ಕಟ್ಟ್ಯಾರ, ಕೂದಲೆಳಿ ಫರಕ್ ಇಲ್ಲ. ನಾವು ಐದೂ ಹೊತ್ತು ಮುಖ ಮಾಡಿ ನಿಲ್ಲೋದು ಪಶ್ಚಿಮಕ್ಕೇ ಅಲ್ಲೇನು?"

ಬೀದರದಲ್ಲಿ ಹುಟ್ಟಿ ಬೆಳೆದವಳು ನಾನು. ಮಸೀದಿ ಪಶ್ಚಿಮಕ್ಕೆ ಮುಖ ಮಾಡುತ್ತದೆ ಎಂಬುದು ನಮ್ಮ ಓಣಿಯ ಮಕ್ಕಳಿಗೆಲ್ಲ ಗೊತ್ತಿದ್ದ ಮಾತು. ನಮ್ಮ ಅಜ್ಜಿ ದೀಪ ಹಚ್ಚುವಾಗಲೂ ಅದೇ ಗುರುತು. ಎರಡು ಸಲ ಯೋಚಿಸಲಿಲ್ಲ. ಆ ಗೋಡೆಗೆ ಸರಿಯಾಗಿ ಹಗ್ಗ ಹಿಡಿದು, ಅಡ್ಡಗೆರೆ ಎಳೆದು, ಮೌಂಟನ್ನು ಉತ್ತರಕ್ಕೆ ಕೂಡಿಸಿದೆ.

ಊರು, ಸಮಯ, ತಿಂಗಳು ಮೊದಲಿಟ್ಟ ತಾರೀಖು. ಸೂರ್ಯನ ಹೆಸರು. ಗುಂಡಿ ಒತ್ತಿದೆ. ನಳಿಗೆ ಗುರ್ ಎಂದು ತಿರುಗಿತು, ನಿಂತಿತು. ನೆಲದ ಮೇಲೆ ಅದರ ನೆರಳು ದುಂಡಗಿಲ್ಲ, ಸೌತೆಕಾಯಿಯಂತೆ ಉದ್ದಕ್ಕೆ ಬಿದ್ದಿತ್ತು.

"ಕಂಪ್ಯೂಟರಿಗಿ ಸೂರ್ಯ ಸಿಗವಲ್ಲನೇನ್ರಿ? ನಮ್ಮ ಮನಿ ಕೋಳಿಗಿ ದಿನಾ ಮುಂಜಾನಿ ಸಿಗ್ತಾನ," ಎಂದರು ಕಿರಾಣಿಯವರು.

ತಾರೀಖು ನೋಡಿದೆ, ಸರಿ. ಸಮಯ ಸರಿ. ನಮ್ಮ ದೇಶದ ಗಡಿಯಾರ ಜಗತ್ತಿನ ಮೂಲ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದೆ, ಆ ಅರ್ಧ ಗಂಟೆಯನ್ನು ಯಂತ್ರ ನುಂಗಿ ಹಾಕಿತೇ ಎಂದು ನೋಡಿದೆ, ಅದೂ ಸರಿ. ಇರಲಿ ಎಂದು ಗುಂಡಿಗಳಿಂದಲೇ ನೆರಳು ದುಂಡಗಾಗುವವರೆಗೆ ತಿರುಗಿಸಿದೆ. ಕಾಗದ ಹಿಡಿದೆ, ತಣ್ಣಗಿತ್ತು. ನಾನು ನೋಡಿದೆ, ಸೂರ್ಯ ಬಂದ. ನಡುವಿಗೆ ತಂದು, ಸೂರ್ಯನ ವೇಗಕ್ಕೆ ಮೋಟಾರು ಹಚ್ಚಿ ಕಾಯ್ದೆ. ಸ್ವಲ್ಪ ಹೊತ್ತಿಗೆ ಬಿಲ್ಲೆ ಅಂಚಿನ ಕಡೆ ಜಾರಿತು. ಮತ್ತೆ ನಡುವಿಗೆ ತಂದೆ, ಮತ್ತೆ ಜಾರಿತು.

ಮನಸ್ಸಿಗೆ ಹುಳ ಬಿಟ್ಟದ್ದು ಅದು ಜಾರಿದ ರೀತಿ. ಮೋಟಾರು ನಿಧಾನವಾಗಿದ್ದರೆ ಸೂರ್ಯ ತಾನು ಹೋಗುವ ದಾರಿಯಲ್ಲೇ, ಪಡುವಣಕ್ಕೆ, ಮುಂದೆ ಹೋಗಬೇಕು. ಇವನು ದಾರಿಗೆ ಅಡ್ಡಲಾಗಿ, ಉತ್ತರ-ದಕ್ಷಿಣದ ಗೆರೆಯ ಮೇಲೆ ಜಾರುತ್ತಿದ್ದ. ಅಂದರೆ ಮೋಟಾರಿನ ತಪ್ಪಲ್ಲ. ಅಕ್ಷವೇ ಬೇರೆ ಕಡೆ ನೋಡುತ್ತಿದೆ. ಬೀದರದಲ್ಲಿ ಸರಿ ಇದ್ದದ್ದು ಇಲ್ಲಿ ಯಾಕೆ ಹೀಗೆ? ಗೋಡೆಗೆ ಮತ್ತೆ ಹಗ್ಗ ಹಿಡಿದೆ. ಹಗ್ಗ ಸರಿಯೇ ಇತ್ತು.

ಮಂದಿ ಒಬ್ಬೊಬ್ಬರೇ ಗೇಟಿನ ಕಡೆ ಸರಿಯತೊಡಗಿದರು. ಹೆಡ್ ಮೇಡಂ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಸೂರ್ಯ ಕಾಣ್ಲತಾನಲ್ರಿ? ನಾ ಈಗೇ ನೋಡಿ ಬಿಡ್ತೇನಿ. ಜಾರಿದ್ರ ನೀವು ಮತ್ತ ಸರಸ್ರಿ. ಇವ್ರು ಹ್ವಾದ್ರ ಮುಂದ ಬರಂಗಿಲ್ಲ."

ಆಗಬಹುದಿತ್ತು. ಒಂದು ಕೈ ಗುಂಡಿಯ ಮೇಲೆ, ಕಣ್ಣು ನೆರಳಿನ ಮೇಲೆ. ಆದರೆ ಮುಚ್ಚಳದ ಮೇಲೆ ಯಾರ ಕೈ? ಪಟ್ಟಿ ಬಿಗಿದಿದೆ, ಟೇಪು ಸುತ್ತಿದೆ, ಎಲ್ಲ ನಿಜ. ಭಾಲ್ಕಿಯಲ್ಲೂ ಮುಚ್ಚಳ ಗಟ್ಟಿಯಿದೆ ಎಂದೇ ನಾನು ಚಹಾಕ್ಕೆ ತಿರುಗಿದ್ದೆ. ಮೌಂಟಿನ ಸ್ವಿಚ್ಚು ಆರಿಸಿದೆ.

"ಇಲ್ರಿ ಮೇಡಂ. ಇದು ಸೂರ್ಯನ ಹಿಂದ ತಾನಾಗಿ ನಡಿಯೋತನಕ ಯಾರೂ ಕಣ್ಣು ಹಚ್ಚೋದಿಲ್ಲ."

ನಂತರ ಮಂದಿಯ ಕಡೆ ತಿರುಗಿ ಇದ್ದದ್ದು ಇದ್ದಂತೆ ಹೇಳಿದೆ. ಯಂತ್ರಕ್ಕೆ ಉತ್ತರ ತಪ್ಪಿದೆ, ಯಾಕೆ ಎಂದು ನನಗೂ ತಿಳಿದಿಲ್ಲ, ಸೂರ್ಯನನ್ನೇ ಕೇಳಿ ಉತ್ತರ ತೆಗೆಯುತ್ತೇನೆ, ಮಧ್ಯಾಹ್ನದ ಊಟ ಮುಗಿಸಿಕೊಂಡು ಬನ್ನಿ ಎಂದೆ. ಅರ್ಧ ಮಂದಿ ಹೋದರು. ಕಿರಾಣಿಯವರು ಹೋಗಲಿಲ್ಲ. "ಸೂರ್ಯಪ್ಪಗ ಹ್ಯಾಂಗ ಕೇಳ್ತೀರಿ, ಅದನ್ನಾದ್ರೂ ನೋಡ್ತೇನಿ," ಎಂದು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು.

ಬೇವಿನ ಮರದಾಚೆ ಬಿಸಿಲಿನಲ್ಲಿ ಒಂದು ಕೋಲು ನೆಟ್ಟೆ. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಕೋಲು ನೆಟ್ಟಗಿದೆಯೇ ನೋಡಿದೆ. ಕೋಲಿನ ಬುಡಕ್ಕೆ ಹಗ್ಗ ಸುತ್ತಿ, ಆಗಿನ ನೆರಳಿನ ಉದ್ದಕ್ಕೆ ಮಣ್ಣಿನ ಮೇಲೆ ಒಂದು ವೃತ್ತ ಎಳೆದು, ನೆರಳಿನ ತುದಿ ಮುಟ್ಟಿದ ಕಡೆ ಗೂಟ ಊರಿದೆ. ಹೊತ್ತು ಏರಿದಂತೆ ನೆರಳು ವೃತ್ತದೊಳಗೆ ಕುಗ್ಗುತ್ತದೆ. ಇಳಿದಂತೆ ಬೆಳೆದು ಇನ್ನೊಂದು ಬದಿಗೆ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಎರಡನೆಯ ಗೂಟ. ಎರಡೂ ಗೂಟ ಸೇರಿಸಿದರೆ ಪೂರ್ವ-ಪಶ್ಚಿಮ, ಅದರ ನಡುವಿನಿಂದ ಕೋಲಿಗೆ ಎಳೆದರೆ ಉತ್ತರ-ದಕ್ಷಿಣ. ಕಬ್ಬಿಣವೂ ಇದನ್ನು ಕೆಡಿಸದು. ಮಕ್ಕಳು ಸುತ್ತ ಕುಕ್ಕರಗಾಲಿನಲ್ಲಿ ಕೂತು ನೆರಳಿನ ತುದಿಯನ್ನು ಇರುವೆ ನೋಡುವ ಹಾಗೆ ನೋಡಿದರು.

ಚಾಚಾ ಕೂಡ ನೋಡುತ್ತಿದ್ದರು, ಅವರ ಕಾರಣ ಬೇರೆ. ಮಧ್ಯಾಹ್ನದ ನಮಾಜಿನ ಹೊತ್ತು ಸೂರ್ಯ ನೆತ್ತಿ ದಾಟಿದ ಮೇಲೆ ಶುರು. "ನಿನ್ನ ಕೋಲಿಗಿ ನಂದೂ ಅರ್ಧ ಪಾಲು ಇರಲಿ," ಎಂದರು. ಗಡಿಯಾರದಲ್ಲಿ ಹನ್ನೆರಡು ದಾಟಿ ಅರ್ಧ ಗಂಟೆ ಆಗಿತ್ತು, ನೆರಳು ಕುಗ್ಗುವುದು ನಿಂತಿತು, ಆಮೇಲೆ ತಿರುಗಿ ಬೆಳೆಯತೊಡಗಿತು. ಚಾಚಾ ಕೈಕಾಲು ತೊಳೆದು ಬಂದು ಬೇವಿನ ನೆರಳಿನಲ್ಲಿ, ಮಸೀದಿಯ ಗೋಡೆಯ ಸಾಲು ನೋಡಿಕೊಂಡು ಚಾಪೆ ಹಾಸಿ ನಮಾಜು ಮಾಡಿದರು. ಅವರು ಮುಗಿಸುವಾಗ ನೆರಳು ಇನ್ನೂ ವೃತ್ತದೊಳಗೇ ಇತ್ತು. ಅದು ಅಂಚು ಮುಟ್ಟುವವರೆಗೆ ಅವರೂ ಚಾಪೆಯ ಮೇಲೇ ಕೂತು ಕಾಯ್ದರು.

ಎರಡನೆಯ ಗೂಟ ಊರಿ ದಾರ ಎಳೆದು ನಿಂತವಳು ಚಾಪೆ ನೋಡಿದೆ, ದಾರ ನೋಡಿದೆ. ಚಾಪೆಯ ಉದ್ದ ದಾರದ ಜೊತೆ ಸಾಗಬೇಕಿತ್ತಲ್ಲ? ಸಾಗಿರಲಿಲ್ಲ. ಚಾಪೆಯ ತಲೆ ಬಲಕ್ಕೆ, ಉತ್ತರದ ಕಡೆ, ಕಣ್ಣಿಗೆ ಕಾಣುವಷ್ಟು ವಾರೆಯಾಗಿತ್ತು.

"ಚಾಚಾ, ಚಾಪಿ ಸೊಟ್ಟ ಹಾಕೀರಿ."

"ಚಾಪಿ ಸೀದಾ ಅದ. ನಿನ್ನ ದಾರ ಸೊಟ್ಟ ಅದ."

ಇಬ್ಬರೂ ಗೋಡೆ ನೋಡಿದೆವು. ಚಾಪೆ ಗೋಡೆಯ ಜೊತೆ ತಂಟೆಯಿಲ್ಲದೆ ಹೊಂದಿತ್ತು. ದಾರವನ್ನು ಸೂರ್ಯನೇ ಎಳೆದದ್ದು. ಹಾಗಾದರೆ ಸುಳ್ಳು ಯಾರದು?

ಹೆಡ್ ಮೇಡಂ ಒಳಗೆ ಹೋದರು. ಬರುವಾಗ ಕೈಯಲ್ಲಿ ಶಾಲೆಯ ಭೂಗೋಳವಿತ್ತು, ಬಾಯಲ್ಲಿ ಹೊಲಿಗೆಯ ದಾರ ಕಚ್ಚಿಕೊಂಡಿದ್ದರು. ಭೂಗೋಳವನ್ನು ಚಾಚಾನ ತೊಡೆಯ ಮೇಲಿಟ್ಟು, "ಬೀದರ ಇಲ್ಲಿ. ಮಕ್ಕಾ ಇಲ್ಲಿ. ನೀವು ದಾರ ಬಿಗಿ ಹಿಡೀರಿ," ಎಂದರು. ಚಾಚಾ ಹಿಡಿದರು. ಮಕ್ಕಾ ನಮಗಿಂತ ಪಶ್ಚಿಮಕ್ಕಿದೆ, ತುಸು ಉತ್ತರಕ್ಕೂ ಇದೆ. ಬಿಗಿಯಾದ ದಾರ ಗೋಲದ ಮೈ ಹಿಡಿದು ಹತ್ತಿರದ ದಾರಿಯಲ್ಲಿ ಹೋಗುತ್ತ, ಬೀದರ ಬಿಡುವಾಗಲೇ ಪಶ್ಚಿಮದ ಗೆರೆ ಬಿಟ್ಟು ಉತ್ತರಕ್ಕೆ ವಾರೆಯಾಗಿ ಹೊರಟಿತ್ತು. ಕೋನಮಾಪಕ ಇಟ್ಟು ನೋಡಿದೆವು. ಅಂಗಳದ ಚಾಪೆಗೂ ದಾರಕ್ಕೂ ಇದ್ದಷ್ಟೇ ವಾರೆ.

ಗೋಡೆಯಲ್ಲಿ ಕೂದಲೆಳೆ ತಪ್ಪಿರಲಿಲ್ಲ. ಅದು ಮಕ್ಕಾದ ಕಡೆ ಇತ್ತು, ಇರಬೇಕಾದಲ್ಲೇ ಇತ್ತು. ಅದನ್ನು ಪಶ್ಚಿಮ ಎಂದುಕೊಂಡವರು ನಾವಿಬ್ಬರು.

ಚಾಚಾ ದಾರವನ್ನು ಮತ್ತೊಮ್ಮೆ ಎಳೆದು ನೋಡಿದರು, ಮತ್ತೊಮ್ಮೆ. "ಇಷ್ಟು ವರ್ಷ ಮುಖ ಬರಾಬರ್ ಮಾಡೀನಿ, ಆದ್ರ ಅದಕ್ಕ ಬರೇ ಪಶ್ಚಿಮ ಅಂದೀನಿ," ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಮರುಕ್ಷಣ ನಕ್ಕುಬಿಟ್ಟರು. "ಬೇಟಿ, ನಿನ್ನ ಮಷಿನು ಮ್ಯಾಲ ನೋಡೋದು ಬಿಟ್ಟು ಮುಂಜಾನಿಂದ ನಮ್ಮ ಜಮಾತಿನಾಗ ಸಾಲು ಹಿಡಿದು ನಿಂತಿತ್ತು!"

ಕಿರಾಣಿಯವರು ಭೂಗೋಳವನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಇಲ್ಲಿಂದ ಕಾಶಿಗಿ ಹಚ್ರಿ ದಾರ. ಅದೂ ವಾರಿ ಅದನೋ ಸೀದಾ ಅದನೋ ನೋಡ್ಬೇಕು," ಎಂದರು. ಮಕ್ಕಳು ಅವರನ್ನು ಮುತ್ತಿದರು, ನಾನು ಮೌಂಟನ್ನು ಮುತ್ತಿದೆ.

ಸೂರ್ಯ ಎಳೆದ ಗೆರೆಗೆ ಅಕ್ಷ ಹೊಂದಿಸಿ ಮತ್ತೆ ಮೊದಲಿನಿಂದ ಎಲ್ಲ ಮಾಡಿದೆ. ಗುಂಡಿ ಒತ್ತಿದೆ. ನಳಿಗೆ ತಿರುಗಿ ನಿಂತಾಗ ನೆಲದ ಮೇಲೆ ಅದರ ನೆರಳು ರೊಟ್ಟಿಯಂತೆ ದುಂಡಗೆ ಬಿದ್ದಿತ್ತು. ಕಾಗದ ತಣ್ಣಗಿತ್ತು. ನಾನು ಕಣ್ಣಿಟ್ಟೆ, ಸೂರ್ಯ ನಡುವಿನ ಹತ್ತಿರವೇ ಇದ್ದ. ನಡುವಿಗೆ ತಂದು, ಮುಚ್ಚಳದ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ, ಕಾಯ್ದೆ. ಊಟಕ್ಕೆ ಹೋದವರು ಕೆಲವರು ಮರಳಿ ಬಂದರು. ಮತ್ತೆ ಕಾಗದ, ಮತ್ತೆ ನಾನು. ಬಿಲ್ಲೆ ನಟ್ಟಲ್ಲಿಂದ ಕದಲಿರಲಿಲ್ಲ. ಬಲಗೈಯನ್ನು ಮುಚ್ಚಳದ ಮೇಲಿಟ್ಟು, "ಬರ್ರಿ ಮೇಡಂ," ಎಂದೆ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗಣ್ಣಿನ ಮೇಲೆ ಅಂಗೈ ಮುಚ್ಚಿ ಬಗ್ಗಿದರು. ನಾನು ಮುಚ್ಚಳವನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದೆ.

"ಅಯ್ಯಽ," ಎಂದರು. "ಸಜ್ಜಿ ರೊಟ್ಟಿ ಆಗ್ಯಾನ. ಮ್ಯಾಲ ನಾಕು ಕರಿ ಎಳ್ಳು ಹಚ್ಚ್ಯಾರ."

ಅವು ಸೂರ್ಯನ ಕಲೆಗಳು. ಒಂದೊಂದರಲ್ಲೂ ಭೂಮಿ ಮುಳುಗಬಹುದು ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗೈ ಬದಲಿಸಿ ಬಲಗಣ್ಣನ್ನು ಹಚ್ಚಿದರು. ಬಹಳ ಹೊತ್ತು ತಲೆಯನ್ನು ಅತ್ತಿತ್ತ ಒಂಚೂರು ಆಡಿಸಿದರು. "ನೆಟ್ಟಗ ನೋಡಿದ್ರ ಇಲ್ಲ. ನಾ ಸ್ವಲ್ಪ ಬಾಜೂಕ ನೋಡಿದ್ರ ಅದಾನ," ಎಂದು ಮೆಲ್ಲಗೆ ಹೇಳಿದರು. ನನಗೊಬ್ಬಳಿಗೇ ಕೇಳುವಷ್ಟು.

ಅವರು ತಲೆ ಎತ್ತಿದೊಡನೆ ಕಿರಾಣಿಯವರು ಎದ್ದು ಬಂದು ಎದುರಿಗೆ ಕೈಬೆರಳು ಚಾಚಿದರು. "ಆ ಕಣ್ಣು ಮುಚ್ರಿ. ಈ ಚೊಲೋ ಕಣ್ಣೀಲೆ ಹೇಳ್ರಿ, ಬಟ್ಟು ಎಷ್ಟವ?"

"ಮೂರು. ಉಗುರಾಗ ಬೆಲ್ಲ ಮೆತ್ತ್ಯಾದ, ಅಂಗಡ್ಯಾಗ ತಿಂದೀರಿ."

ಅಂಗಳವೆಲ್ಲ ನಕ್ಕಿತು. ಕಿರಾಣಿಯವರು ಬೆರಳನ್ನು ಅಂಗಿಗೆ ಒರೆಸಿಕೊಂಡು, ಮಗಳ ಕೈ ಹಿಡಿದು ಸಾಲಿಗೆ ನಿಂತರು. ಬಿಸಿಲು ಇಳಿಯುವವರೆಗೂ ಸಾಲು ಕರಗಲಿಲ್ಲ, ಸೂರ್ಯನೂ ಜಾರಲಿಲ್ಲ. ವಾಪಸಾಗುವಾಗ ನನ್ನ ಬಲಗೈ ಮೇಲಕ್ಕೆತ್ತಲು ಬಾರದೆ, ವ್ಯಾನಿನ ಬಾಗಿಲನ್ನು ಚಾಚಾನೇ ಹಾಕಿದರು.

ಮರು ತಿಂಗಳು ಎಕಂಬಾದ ಶಾಲೆಯಿಂದ ಕರೆ ಬಂತು, ಹೋದೆವು. ಹೆಡ್ ಮೇಡಂ ರಜೆ ಹಾಕಿ ಬಸ್ಸಿನಲ್ಲಿ ಬಂದಿದ್ದರು. ಆ ದಿನ ಬೆಳಗಿನಿಂದ ಮೋಡ. ಯಂತ್ರ ಹೂಡಿ ಕೂತವರು ಕೂತೇ ಇದ್ದೆವು. ಕೂತು ಬೇಸರವಾಗಿ ಮಕ್ಕಳೂ ಹೆಂಗಸರೂ ಮೇಡಂ ಸುತ್ತ ಕೂಡಿದರು. ಅವರು ತಮ್ಮ ಬಲಗಣ್ಣಿನ ಸುದ್ದಿಯನ್ನು ತಾವೇ ಎತ್ತಿ, ಹಿತ್ತಲು, ಎಕ್ಸ್‌ರೇ ಹಾಳೆ, ಅವ್ವನ ಮುಖ ಎಲ್ಲ ಹೇಳಿದರು. ಮಾತು ಮುಗಿಯುವಾಗ ಮೋಡ ಒಂದು ಕಡೆ ಬಿಚ್ಚಿಕೊಂಡು ಅಂಗಳಕ್ಕೆ ಒಮ್ಮೆಲೇ ಬಿಸಿಲು ಬಿತ್ತು. ಒಬ್ಬರೂ ತಲೆ ಎತ್ತಿ ಮೇಲೆ ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತಲೇ ಎದ್ದು ಬಂದು ಟೆಲಿಸ್ಕೋಪಿನ ಹಿಂದೆ ಸಾಲು ಹಚ್ಚಿದರು.